ತೂಕದ ಸಾಲ ತೀರಿಸಿದ ಅಪಾಚೆ

ಪಠಾಣ್‌ಕೋಟ್ ವಾಯುನೆಲೆಯಲ್ಲಿ 2019ರ ಸೆಪ್ಟೆಂಬರ್ 3ರಂದು ಅಮೆರಿಕ ತಯಾರಿಸಿದ ಎಂಟು ಅಪಾಚೆ ದಾಳಿ ಹೆಲಿಕಾಪ್ಟರ್‌ಗಳು ನಮ್ಮ ವಾಯುಪಡೆಗೆ ಸೇರಿದವು. ಜಲಫಿರಂಗಿಯ ಸ್ವಾಗತ ಸಿಕ್ಕಿತು, ಟಿವಿಯಲ್ಲಿ ‘ಅತ್ಯಾಧುನಿಕ’ ಎಂಬ ಪದ ದಿನವಿಡೀ ಓಡಾಡಿತು. ಪದ ತಪ್ಪಲ್ಲ. ಆದರೆ ಆ ಯಂತ್ರದ ಆಕಾರ ಮೊದಲ ಸಲ ನೆಲ ಬಿಟ್ಟೇರಿದ್ದು 1975ರ ಸೆಪ್ಟೆಂಬರ್ 30ರಂದು. ಅದನ್ನು ರೂಪಿಸಿದ ಹ್ಯೂಸ್ ಕಂಪನಿ ಮ್ಯಾಕ್‌ಡೊನೆಲ್ ಡಗ್ಲಸ್‌ನ ಪಾಲಾಗಿ, 1997ರಲ್ಲಿ ಅದೂ ಬೋಯಿಂಗ್‌ನಲ್ಲಿ ಕರಗಿಹೋಯಿತು. ಹೆಲಿಕಾಪ್ಟರ್ ಮಾತ್ರ ಉಳಿಯಿತು. ಒಬ್ಬರ ಹಿಂದೊಬ್ಬರು ಕೂರುವ ಇಬ್ಬರು ಸಿಬ್ಬಂದಿ, ಹೊಟ್ಟೆಯಡಿ 30 ಮಿಲಿಮೀಟರ್ ಫಿರಂಗಿ, ಎರಡು ಎಂಜಿನ್, ತಲೆಯ ಮೇಲೆ ನಾಲ್ಕು ಬ್ಲೇಡು. ದೂರದಿಂದ ನೋಡಿದವರಿಗೆ ಐವತ್ತು ವರ್ಷದಲ್ಲಿ ಹೆಚ್ಚೇನೂ ಬದಲಾದಂತೆ ಕಾಣದು. ಒಳಗೆ ನೋಡಿದರೆ ಹಳೆಯದು ಉಳಿದಿರುವುದೇ ಕಡಿಮೆ.

ಹೊಸದನ್ನೇ ಕಟ್ಟಬಾರದೇ ಎಂದು ಕೇಳಬಹುದು. ಅಮೆರಿಕ ಪ್ರಯತ್ನಿಸಿತು. ಕೊಮಾಂಚಿ ಎಂಬ ರಾಡಾರಿಗೆ ಸುಲಭವಾಗಿ ಸಿಗದ ಹೆಲಿಕಾಪ್ಟರಿಗೆ ಸುಮಾರು 700 ಕೋಟಿ ಡಾಲರ್ ಸುರಿದು, ಎರಡೇ ಎರಡು ಮಾದರಿಗಳನ್ನು ಹಾರಿಸಿ, 2004ರಲ್ಲಿ ಯೋಜನೆಯನ್ನು ಕೈಬಿಟ್ಟಿತು. ಆಮೇಲೆ ಹೊಸ ದಾಳಿ–ವಿಚಕ್ಷಣ ಹೆಲಿಕಾಪ್ಟರ್ ಬೇಕೆಂದು ಶುರುಮಾಡಿದ ಮತ್ತೊಂದು ಯೋಜನೆಗೆ 2024ರ ಫೆಬ್ರುವರಿಯಲ್ಲಿ ತೆರೆ ಬಿತ್ತು. ಹೊಸದು ಬಂದೀತೆಂದು ಕಾಯುತ್ತಲೇ ಹಳೆಯದನ್ನು ತಿದ್ದಿಕೊಂಡು ಬಂದದ್ದರ ಫಲ ಇವತ್ತಿನ ಅಪಾಚೆ. ಮೊದಲು ಎ, ಆಮೇಲೆ ಡಿ, ಈಗ ಇ. ಈ ಮೂರು ಅಕ್ಷರಗಳ ನಡುವೆ ಏನಾಯಿತು ಎಂಬುದು ತಿಳಿದರೆ, ಜಗತ್ತಿನ ಯಾವುದೇ ಸಮರ ಹೆಲಿಕಾಪ್ಟರಿನ ‘ಮೇಲ್ದರ್ಜೆ’ ಸುದ್ದಿಯನ್ನು ಅಳೆಯುವ ಕೋಲೊಂದು ಸಿಕ್ಕಂತೆ.

ಅಳೆಯಬೇಕಾದದ್ದು ಕ್ಷಿಪಣಿಗಳ ಸಂಖ್ಯೆಯನ್ನಲ್ಲ, ತೂಕವನ್ನು. ವಿಮಾನಕ್ಕೆ ರೆಕ್ಕೆಯಿದೆ, ವೇಗ ಹಿಡಿದ ಮೇಲೆ ಗಾಳಿಯೇ ಅದನ್ನು ಎತ್ತಿ ಹಿಡಿಯುತ್ತದೆ. ಹೆಲಿಕಾಪ್ಟರ್ ನಿಂತಲ್ಲೇ ತೂಗಬೇಕಾದಾಗ ತನ್ನ ಇಡೀ ಭಾರವನ್ನು ಎಂಜಿನ್ ಬಲದಿಂದಲೇ ಹೊರಬೇಕು. ಒಂದು ಪೆಟ್ಟಿಗೆ ಹೊಸದಾಗಿ ಕೂರಿಸಿದರೆ ಅಷ್ಟು ಇಂಧನವನ್ನೋ ಗುಂಡನ್ನೋ ಇಳಿಸಬೇಕು, ಇಲ್ಲವೇ ಬಲ ಹೆಚ್ಚಿಸಬೇಕು. ಮೂರನೆಯ ದಾರಿಯಿಲ್ಲ.

ರೋಟರಿನ ಮೇಲೊಂದು ಕಣ್ಣು

1980ರ ದಶಕದಲ್ಲಿ ಸೇನೆಗೆ ಬಂದ ಎ ಮಾದರಿಯ ಕೆಲಸ ಸ್ಪಷ್ಟವಿತ್ತು: ಯುರೋಪಿನ ಬಯಲಿಗೆ ಸೋವಿಯತ್ ಟ್ಯಾಂಕುಗಳು ನುಗ್ಗಿದರೆ, ಮರಗಳ ಮರೆಯಲ್ಲಿ ತೂಗುತ್ತಾ ಅವನ್ನು ಹೊಡೆಯುವುದು. ಆಯುಧ ಹೆಲ್‌ಫೈರ್ ಕ್ಷಿಪಣಿ, ಅದಕ್ಕೆ ದಾರಿ ತೋರುವುದು ಲೇಸರ್ ಕಿರಣ. ತೊಡಕು ಇಲ್ಲೇ ಇತ್ತು. ಎಂಟು ಕಿಲೋಮೀಟರ್ ದೂರದ ಟ್ಯಾಂಕಿಗೆ ಕ್ಷಿಪಣಿ ತಲುಪಲು ಅರ್ಧ ನಿಮಿಷದಷ್ಟು ಹೊತ್ತು ಬೇಕು. ಬೇರೊಂದು ಹೆಲಿಕಾಪ್ಟರೋ ನೆಲದ ಮೇಲಿನ ಸೈನಿಕರೋ ಗುರಿ ತೋರಿಸದಿದ್ದರೆ, ಹೊಡೆದವನೇ ಲೇಸರನ್ನು ಕದಲಿಸದೆ ಗುರಿಯ ಮೇಲೆ ಹಿಡಿದು ಕೂರಬೇಕು. ಅಂದರೆ ಅಷ್ಟು ಹೊತ್ತೂ ತಲೆ ಹೊರಗೆ. ಹೊಗೆ, ಧೂಳು, ಮಂಜು ಕವಿದರೆ ಕಿರಣವೇ ಮಸುಕು.

ಈ ಮಾದರಿ ಕೈಲಾಗದ್ದೇನಲ್ಲ. 1991ರ ಜನವರಿ 17ರ ನಸುಕಿಗೂ ಮುನ್ನ ಇರಾಕಿನ ಗಡಿಯ ರಾಡಾರ್ ಠಾಣೆಗಳನ್ನು ಹೊಡೆದು, ವಾಯುದಾಳಿಗೆ ದಾರಿ ತೆರೆದದ್ದು ಇವೇ ಎ ಮಾದರಿಯ ಅಪಾಚೆಗಳು. ಮರುಭೂಮಿಯ ಕತ್ತಲಲ್ಲಿ ದಾರಿ ತಪ್ಪದಂತೆ ಅವುಗಳ ಮುಂದೆ ವಾಯುಪಡೆಯ ಪೇವ್ ಲೋ ಹೆಲಿಕಾಪ್ಟರ್‌ಗಳು ಹಾರಿದವು. ಗುರಿ ಹೊಡೆಯುವ ಸಾಮರ್ಥ್ಯವಿದ್ದ ಯಂತ್ರಕ್ಕೆ ದಾರಿ ಕಂಡುಕೊಳ್ಳಲು ಇನ್ನೊಬ್ಬರ ಕೈ ಬೇಕಾಯಿತು. ಮುಂದಿನ ಬದಲಾವಣೆ ಎಲ್ಲಿ ಆಗಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಡಿ ಮಾದರಿ 1997ರಲ್ಲಿ ಬಂತು. ಅದರ ಗುರುತು ರೋಟರಿನ, ಅಂದರೆ ತಲೆಯ ಮೇಲೆ ತಿರುಗುವ ಬ್ಲೇಡುಗಳ ಚಕ್ರದ, ಮೇಲೆ ಕುಳಿತ, ಕುಂಬಳಕಾಯಿಯಂಥ ಗುಮ್ಮಟ. ಒಳಗಿರುವುದು ಲಾಂಗ್‌ಬೋ ರಾಡಾರ್. ಅದನ್ನು ನೆತ್ತಿಯ ಮೇಲೆ ಇಟ್ಟದ್ದು ಶೋಕಿಗಲ್ಲ: ಹೆಲಿಕಾಪ್ಟರ್ ಪೂರ್ತಿ ಗುಡ್ಡದ ಹಿಂದೆ ಅಡಗಿ, ಗುಮ್ಮಟವನ್ನಷ್ಟೇ ಮೇಲೆತ್ತಿ ಕೆಲವು ಕ್ಷಣ ಇಣುಕಿದರೆ ಸಾಕು. ಮಿಲಿಮೀಟರ್ ಅಲೆಗಳಲ್ಲಿ ನೋಡುವ ಈ ರಾಡಾರ್ 128 ಗುರಿಗಳನ್ನು ಗುರುತಿಸಿ, ಹೆಚ್ಚು ಅಪಾಯಕಾರಿಯಾದ 16ನ್ನು ಮೇಲಕ್ಕೆ ಪಟ್ಟಿಮಾಡಿ ಕೊಡುತ್ತದೆ. ಅದರ ಜೊತೆಗೆ ತನ್ನದೇ ಪುಟ್ಟ ರಾಡಾರ್ ಹೊತ್ತ ಹೊಸ ಹೆಲ್‌ಫೈರ್ ಬಂತು. ಹೊಡೆದು ಕೆಳಗಿಳಿದರೆ ಆಯಿತು, ಉಳಿದದ್ದನ್ನು ಕ್ಷಿಪಣಿಯೇ ನೋಡಿಕೊಳ್ಳುತ್ತದೆ. ಕಾಕ್‌ಪಿಟ್‌ನಲ್ಲಿ ಮುಳ್ಳಿನ ಮೀಟರುಗಳ ಜಾಗಕ್ಕೆ ಪರದೆಗಳು ಬಂದವು.

ಇದರ ಜೊತೆಗೇ ತೂಕವೂ ಏರಿತು. ರಾಡಾರ್, ಅದರ ಕಂಪ್ಯೂಟರುಗಳು, ಅವುಗಳಿಗೆ ಬೇಕಾದ ವಿದ್ಯುತ್ತು, ಅವನ್ನು ತಣ್ಣಗಿಡುವ ವ್ಯವಸ್ಥೆ, ಇವನ್ನೆಲ್ಲ ತುಂಬಿಸಲು ಕಾಕ್‌ಪಿಟ್‌ನ ಎರಡೂ ಬದಿಯ ಕೆನ್ನೆಗಳು ಉಬ್ಬಿದವು. ಎಂಜಿನ್ನಿನ ಬಲ ತಲಾ 1,696 ಅಶ್ವಶಕ್ತಿಯಿಂದ 1,890ಕ್ಕೆ ಹೋಗಿತ್ತು ನಿಜ. ಆದರೂ ಹಳೆಯ ಎ ಹಾರಿಸಿದ ಪೈಲಟ್‌ಗಳು ಡಿ ಮೈಭಾರವೆಂದು ಗೊಣಗಿದರು. ಕಣ್ಣು ಚುರುಕಾಗಿತ್ತು, ಕಾಲು ನಿಧಾನವಾಗಿತ್ತು. ಸಾಲ ಮಾಡಿ ಸಾಮಾನು ತಂದಂತಾಗಿತ್ತು. ತೀರಿಸುವ ದಿನ ದೂರವಿರಲಿಲ್ಲ.

ಅಫ್ಘಾನಿಸ್ತಾನ ಕೇಳಿದ ಲೆಕ್ಕ

ಎತ್ತರಕ್ಕೆ ಹೋದಷ್ಟೂ ಗಾಳಿ ತೆಳುವಾಗುತ್ತದೆ. 4,500 ಮೀಟರ್ ಎತ್ತರದಲ್ಲಿ ಅದರ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಮೂರರಲ್ಲೊಂದು ಪಾಲು ಕಡಿಮೆ. ಬಿಸಿಲು ಏರಿದರೆ ಇನ್ನಷ್ಟು ತೆಳು. ತೆಳುಗಾಳಿಯ ಪೆಟ್ಟು ಎರಡು ಕಡೆಯಿಂದ ಬೀಳುತ್ತದೆ: ಬ್ಲೇಡುಗಳಿಗೆ ತಳ್ಳಲು ಗಾಳಿ ಸಾಲದು, ಎಂಜಿನ್ನಿಗೆ ಉಸಿರಾಡಲು ಗಾಳಿ ಸಾಲದು. ಹೆಚ್ಚು ಬಲ ಬೇಕಾದ ಜಾಗದಲ್ಲೇ ಎಂಜಿನ್ ಕಡಿಮೆ ಬಲ ಕೊಡುತ್ತದೆ. ಹಿಂದೆ ಅಮೆರಿಕದ ಸೇನೆ 4,000 ಅಡಿ ಎತ್ತರ, 35 ಡಿಗ್ರಿ ಸೆಲ್ಸಿಯಸ್ ಬಿಸಿ ಎಂಬುದನ್ನು ಪರೀಕ್ಷೆಯ ಮಟ್ಟವಾಗಿ ಇಟ್ಟುಕೊಂಡಿತ್ತು. ಅಫ್ಘಾನಿಸ್ತಾನದ ಮೇಲೆ ಅದನ್ನು ಅದೇ ಬಿಸಿಗೆ 6,000 ಅಡಿಗೆ ಏರಿಸಬೇಕಾಯಿತು.

ಅಲ್ಲಿ ಅಮೆರಿಕನ್ನರು ಮಾಡಿದ್ದೇನು? ಡಿ ಮಾದರಿಯ ಹೆಮ್ಮೆಯಾಗಿದ್ದ ಆ ಗುಮ್ಮಟವನ್ನೇ ಹಲವು ಹೆಲಿಕಾಪ್ಟರ್‌ಗಳಿಂದ ಬಿಚ್ಚಿಟ್ಟರು. ತಾಲಿಬಾನಿನ ಬಳಿ ಟ್ಯಾಂಕುಗಳ ಸಾಲು ಇರಲಿಲ್ಲ. ರಾಡಾರಿನ ತೂಕದ ಬದಲು ಇಂಧನ ಹೊತ್ತರೆ ಹೆಚ್ಚು ಹೊತ್ತು ಕಾವಲಿರಬಹುದಿತ್ತು. ಬ್ರಿಟಿಷರು ಮಾತ್ರ ಅಲ್ಲಿನ ಹೆಲ್ಮಂಡ್ ಪ್ರಾಂತ್ಯದಲ್ಲಿ ರಾಡಾರ್ ಬಿಚ್ಚದೆ ಹಾರಿದರು. ಗುಟ್ಟು ಎಂಜಿನ್ನಿನಲ್ಲಿತ್ತು. ವೆಸ್ಟ್‌ಲ್ಯಾಂಡ್ ಕಂಪನಿ ಪೂರೈಸಿದ ಅವರ 67 ಅಪಾಚೆಗಳಲ್ಲಿ ಅಮೆರಿಕದ ಎಂಜಿನ್ ಬದಲು ಹೆಚ್ಚು ಬಲದ ರೋಲ್ಸ್‌ರಾಯ್ಸ್–ಟರ್ಬೋಮೆಕಾ ಎಂಜಿನ್ ಇತ್ತು. ಒಂದೇ ಹೆಲಿಕಾಪ್ಟರ್, ಒಂದೇ ರಾಡಾರ್, ಒಂದೇ ಯುದ್ಧಭೂಮಿ. ಒಬ್ಬರಿಗೆ ಅದು ಹೊರೆ, ಇನ್ನೊಬ್ಬರಿಗೆ ಹೊರಬಲ್ಲ ಭಾರ.

ರಾಡಾರ್ ಎಲ್ಲದಕ್ಕೂ ಮದ್ದಲ್ಲ ಎಂಬುದು ಇರಾಕಿನಲ್ಲೂ ಗೊತ್ತಾಯಿತು. 2003ರ ಮಾರ್ಚ್ 24ರ ಕತ್ತಲಲ್ಲಿ ಕರ್ಬಲಾ ಬಳಿ ಇರಾಕಿ ಸೇನೆಯ ಮದೀನಾ ಡಿವಿಷನ್ ಮೇಲೆ ಎರಗಲು ಹೋದ ಮೂವತ್ತೊಂದು ಅಪಾಚೆಗಳನ್ನು ಎದುರುಗೊಂಡದ್ದು ಮನೆಗಳ ತಾರಸಿಯಿಂದ, ಬೀದಿಗಳಿಂದ ಹಾರಿಬಂದ ಬಂದೂಕಿನ ಗುಂಡು. ಒಂದು ನೆಲಕ್ಕಿಳಿದು ಅದರ ಇಬ್ಬರೂ ಸೆರೆಯಾದರು. ಉಳಿದವುಗಳಲ್ಲಿ ಬಹುಪಾಲು ಮೈತುಂಬ ತೂತು ಮಾಡಿಕೊಂಡು ಮರಳಿದವು. ಹಾಗೆ ಮರಳಲು ಆದದ್ದು ಹಳೆಯ ಗುಣದಿಂದ: ದೂರ ದೂರ ಇಟ್ಟ ಎರಡು ಎಂಜಿನ್, ಗುಂಡು ತಿಂದರೂ ಮುರಿಯದ ಬ್ಲೇಡು. ಇವು 1970ರ ದಶಕದ ಎಂಜಿನಿಯರುಗಳು ಯೋಚಿಸಿಟ್ಟದ್ದು, ಯಾವ ನವೀಕರಣದ ಕೊಡುಗೆಯೂ ಅಲ್ಲ.

ಗೇರ್‌ಬಾಕ್ಸ್‌ನ ಕಥೆ

ಇನ್ನು ಇ ಮಾದರಿ. ಮೊದಲನೆಯದು 2011ರ ಕೊನೆಗೆ ಸೇನೆಯ ಕೈಸೇರಿತು. ಇದರ ಬಗ್ಗೆ ಬರೆಯುವವರೆಲ್ಲ ಡ್ರೋನ್, ಡೇಟಾಲಿಂಕ್ (ಯಂತ್ರಗಳು ಮಾಹಿತಿ ಹಂಚಿಕೊಳ್ಳುವ ರೇಡಿಯೊ ಕೊಂಡಿ) ಎಂದು ಶುರುಮಾಡುತ್ತಾರೆ. ನನ್ನ ಮಟ್ಟಿಗೆ ಅದರ ನಿಜವಾದ ಸಾಧನೆ ಇರುವುದು ಎಣ್ಣೆಯಲ್ಲಿ ಮುಳುಗಿ, ಯಾರ ಕಣ್ಣಿಗೂ ಬೀಳದ ಗೇರ್‌ಬಾಕ್ಸ್‌ನಲ್ಲಿ.

ಎಂಜಿನ್ನಿನ ಟರ್ಬೈನ್ ನಿಮಿಷಕ್ಕೆ 20,000ಕ್ಕೂ ಹೆಚ್ಚು ಸುತ್ತು ತಿರುಗುತ್ತದೆ. ರೋಟರ್ ತಿರುಗಬೇಕಾದದ್ದು ಸುಮಾರು 290 ಸುತ್ತು. ವೇಗ ಇಳಿಸಿ, ತಿರುಚುವ ಬಲವನ್ನು ಏರಿಸಿ ಕೊಡುವುದು ಗೇರ್‌ಬಾಕ್ಸ್‌. ಹಳೆಯ ಗೇರ್‌ಬಾಕ್ಸ್ ತಾಳಿಕೊಳ್ಳುತ್ತಿದ್ದದ್ದು 2,828 ಅಶ್ವಶಕ್ತಿಯನ್ನು. ಎಂಜಿನ್ ಎಷ್ಟೇ ಬಲ ಕೊಡಲಿ, ಅದಕ್ಕಿಂತ ಹೆಚ್ಚು ರೋಟರಿಗೆ ತಲುಪುವಂತಿಲ್ಲ. ಬೋರ್‌ವೆಲ್ಲಿಗೆ ಐದರ ಬದಲು ಹತ್ತು ಎಚ್‌ಪಿ ಮೋಟಾರು ಇಳಿಸಿ ಪೈಪು ಹಳೆಯದನ್ನೇ ಬಿಟ್ಟರೆ ತೋಟಕ್ಕೆ ನೀರು ಹೆಚ್ಚುವುದಿಲ್ಲ, ಪೈಪು ಒಡೆಯುತ್ತದೆ. ಇದೂ ಅಷ್ಟೇ.

ಹಾಗಾದರೆ ತಲಾ 1,696ರ ಎರಡು ಎಂಜಿನ್, ಅಂದರೆ ಗೇರ್‌ಬಾಕ್ಸ್ ತಾಳಲಾರದಷ್ಟು ಬಲವನ್ನು ಮೊದಲಿಗೇ ಏಕೆ ಇಟ್ಟರು? ಕಾರಣ ಎರಡು. ಎತ್ತರದಲ್ಲಿ ಎಂಜಿನ್ ಬಲ ಇಳಿದಾಗಲೂ ಗೇರ್‌ಬಾಕ್ಸ್‌ಗೆ ಬೇಕಾದಷ್ಟು ಉಳಿದಿರಲಿ ಎಂಬುದು ಒಂದು. ಒಂದು ಎಂಜಿನ್ ಸತ್ತರೆ ಇನ್ನೊಂದು ಮನೆ ಮುಟ್ಟಿಸಲಿ ಎಂಬುದು ಇನ್ನೊಂದು. ತಗ್ಗಿನ ತಂಪುಗಾಳಿಯಲ್ಲಿ ಹೆಲಿಕಾಪ್ಟರನ್ನು ತಡೆಯುವುದು ಗೇರ್‌ಬಾಕ್ಸ್. ಎತ್ತರದ ಬಿಸಿಯಲ್ಲಿ ತಡೆಯುವುದು ಎಂಜಿನ್. ಎರಡನ್ನೂ ಒಟ್ಟಿಗೆ ಎತ್ತದೆ ಬೇರೆ ಉಪಾಯವಿಲ್ಲ.

ಇ ಮಾದರಿಯಲ್ಲಿ ಮಾಡಿದ್ದು ಅದನ್ನೇ. ಎಂಜಿನ್ ತಲಾ 1,994 ಅಶ್ವಶಕ್ತಿಗೆ ಏರಿತು. ಗೇರ್‌ಬಾಕ್ಸ್ 3,400ಕ್ಕೆ ಏರಿತು, ಅದೂ ಹೆಚ್ಚುಕಡಿಮೆ ಹಳೆಯ ಜಾಗದೊಳಗೇ. ದೊಡ್ಡ ಗೇರು ಹಾಕಿದ್ದರೆ ಸುಲಭವಿತ್ತು, ಆದರೆ ಅದರ ತೂಕವೇ ಲಾಭವನ್ನೆಲ್ಲ ನುಂಗಿಬಿಡುತ್ತಿತ್ತು. ಅದಕ್ಕೆ ಹಲ್ಲುಗಳ ಜೋಡಣೆಯನ್ನೇ ಬದಲಿಸಿದರು: ತಟ್ಟೆಯ ಮುಖದ ಮೇಲೆ ಹಲ್ಲು ಕೊರೆದ ಗೇರುಗಳನ್ನು ಬಳಸಿ, ಒಂದೇ ಕಡೆ ಬೀಳುತ್ತಿದ್ದ ಬಲವನ್ನು ಹಲವು ದಾರಿಗಳಿಗೆ ಹಂಚಿದರು. ಹಂಚಿದ ಬಲ ಪ್ರತಿ ಹಲ್ಲಿಗೂ ಹಗುರ. ಅಂಥ ಹಲ್ಲುಗಳನ್ನು ಅಷ್ಟು ನಿಖರವಾಗಿ ಕೊರೆದು ಉಜ್ಜುವುದು ಸುಲಭವಲ್ಲ. ಹೆಲಿಕಾಪ್ಟರಿನ ಸುಧಾರಣೆ ಲೇತ್ ಮತ್ತು ಗ್ರೈಂಡಿಂಗ್ ಯಂತ್ರಗಳ ಸುಧಾರಣೆಯನ್ನೂ ಕಾಯಬೇಕಾಗುತ್ತದೆ ಎಂಬುದನ್ನು ಸುದ್ದಿವಾಹಿನಿಗಳು ಹೇಳುವುದಿಲ್ಲ.

ರೋಟರಿಗೆ ಬಲ ಹೆಚ್ಚಿದರೆ ಅದನ್ನು ಎತ್ತುವಿಕೆಯಾಗಿ ಬದಲಿಸುವ ಬ್ಲೇಡೂ ಬೇಕು. ಆದ್ದರಿಂದ ನಾರು, ಅಂಟು ಸೇರಿಸಿ ಮಾಡಿದ ಕಾಂಪೋಸಿಟ್ ಬ್ಲೇಡುಗಳು ಬಂದವು. ಎಂಜಿನ್ನಿಗೆ ಇಂಧನ ಬಿಡುವ ಕೆಲಸ ಕಂಪ್ಯೂಟರಿನ ಪಾಲಾಯಿತು. ಬಿಸಿ ಮಿತಿ ಮೀರಿತೇ, ಬಲ ಮಿತಿ ಮೀರಿತೇ ಎಂದು ಪೈಲಟ್ ಪದೇ ಪದೇ ಮೀಟರು ನೋಡುವ ಕಷ್ಟ ಇಳಿಯಿತು. ಗುಡ್ಡದ ಸಂದಿಯಲ್ಲಿ ಗುಂಡು ತಪ್ಪಿಸಿಕೊಳ್ಳುತ್ತಾ ಹಾರುವವನಿಗೆ ಆ ಬಿಡುವು ದೊಡ್ಡದು. ಡಿ ಮಾದರಿ ಮಾಡಿದ ತೂಕದ ಸಾಲವನ್ನು ಇ ತೀರಿಸಿತು ಎನ್ನುವುದು ಇದಕ್ಕೇ. ಲಾಂಗ್‌ಬೋ ಹೊತ್ತರೂ ಈಗ ಕಾಲು ಚುರುಕು.

ಕತ್ತಲು, ಕಂಪ್ಯೂಟರು, ಡ್ರೋನು

ಅಪಾಚೆಯ ಪೈಲಟ್ ರಾತ್ರಿ ಹೊರಗೆ ನೋಡುವುದು ಬಲಗಣ್ಣಿನ ಮುಂದಿರುವ ಒಂದು ಚಿಕ್ಕ ಗಾಜಿನಲ್ಲಿ. ಮೂತಿಯ ಮೇಲಿರುವ ಉಷ್ಣ ಕ್ಯಾಮೆರಾ ಅವನ ತಲೆ ತಿರುಗಿದತ್ತ ತಿರುಗುತ್ತದೆ, ಅದು ಕಂಡದ್ದು ಆ ಗಾಜಿನಲ್ಲಿ ಮೂಡುತ್ತದೆ. ಎಡಗಣ್ಣಿಗೆ ಕಾಕ್‌ಪಿಟ್, ಬಲಗಣ್ಣಿಗೆ ಹೊರಜಗತ್ತು. ಮೇಲಾಗಿ ಕ್ಯಾಮೆರಾ ಇರುವುದು ಅವನ ಕಣ್ಣಿಗಿಂತ ಮೀಟರುಗಟ್ಟಲೆ ಮುಂದೆ, ಕೆಳಗೆ. ಹೊಸಬರಿಗೆ ತಲೆನೋವು ಬರಿಸುವ ಈ ಏರ್ಪಾಡಿಗೆ ಮಿದುಳನ್ನು ಒಗ್ಗಿಸುವುದೇ ತರಬೇತಿಯ ದೊಡ್ಡ ಭಾಗ. ಹಳೆಯ ಕ್ಯಾಮೆರಾದ ಮಸುಕು ಚಿತ್ರದಲ್ಲಿ ವಿದ್ಯುತ್ ತಂತಿಗಳು ಕಾಣದೆ ಹೋಗುವ ಭಯವಿತ್ತು. 2005ರಿಂದ ಬಂದ ಲಾಕ್‌ಹೀಡ್ ಮಾರ್ಟಿನ್‌ನ ಆ್ಯರೋಹೆಡ್ ವ್ಯವಸ್ಥೆ ಚಿತ್ರವನ್ನು ತಿಳಿಗೊಳಿಸಿತು, ಕೆಟ್ಟ ಭಾಗವನ್ನು ನೆಲೆಯಲ್ಲೇ ಬಿಚ್ಚಿ ಬದಲಿಸಲೂ ಬರುವಂತೆ ಮಾಡಿತು. ತುಪಾಕಿಗಿಂತ ಹೆಚ್ಚು ಜೀವ ಉಳಿಸಿದ ನವೀಕರಣ ಇದೇ ಇರಬೇಕು ಎಂದು ನನಗನ್ನಿಸುತ್ತದೆ.

ಕಂಪ್ಯೂಟರಿನದು ಬೇರೆ ಸಮಸ್ಯೆ. ಗೇರು ಮೂವತ್ತು ವರ್ಷ ಬಾಳಬಹುದು, ಚಿಪ್ಪು ಅಷ್ಟು ಹೊತ್ತಿಗೆ ಮಾರುಕಟ್ಟೆಯಿಂದಲೇ ಮಾಯವಾಗಿರುತ್ತದೆ. ಬಿಡಿಭಾಗ ಸಿಗದೆ ಹೆಲಿಕಾಪ್ಟರ್ ಮೂಲೆ ಸೇರಬಾರದೆಂದು ಇ ಮಾದರಿಯ ಮಿದುಳನ್ನು ಬಿಡಿಬಿಡಿ ಭಾಗಗಳಾಗಿ, ಬೇರೆ ಬೇರೆ ಕಂಪನಿಗಳ ಪೆಟ್ಟಿಗೆ ಕೂರಿಸಲು ಆಗುವಂತೆ ರೂಪಿಸಿದರು. ಈಗ ಹೊಸ ಸಾಮರ್ಥ್ಯ ಬಹುಪಾಲು ಸಾಫ್ಟ್‌ವೇರ್ ಆವೃತ್ತಿಯಾಗಿ ಬರುತ್ತದೆ. ಆರನೇ ಆವೃತ್ತಿಯಲ್ಲಿ ರಾಡಾರಿನ ನೋಟ 16 ಕಿಲೋಮೀಟರಿಗೆ ಹಿಗ್ಗಿತು, ಸಮುದ್ರದ ಮೇಲಿನ ದೋಣಿಗಳನ್ನೂ ಗುರುತಿಸತೊಡಗಿತು. ತೂಕ ಏರಿಸದ ನವೀಕರಣ ಎಂದರೆ ಇದೊಂದೇ.

ಇ ಮಾದರಿಯ ಸಿಬ್ಬಂದಿ ಗ್ರೇ ಈಗಲ್‌ನಂಥ ಡ್ರೋನಿನ ಕ್ಯಾಮೆರಾ ಚಿತ್ರವನ್ನು ತಮ್ಮ ಪರದೆಯಲ್ಲಿ ನೋಡಬಹುದು. ಬೇಕಾದರೆ ಅದರ ಹಾದಿಯನ್ನೂ ತಾವೇ ತಿದ್ದಬಹುದು. ಇಣುಕುವ ಕೆಲಸವನ್ನು ಈಗ ಡ್ರೋನಿಗೆ ವಹಿಸಲಾಗಿದೆ. ನೆತ್ತಿಯ ಗುಮ್ಮಟ ಮಾಡುತ್ತಿದ್ದದ್ದನ್ನೇ ಇನ್ನಷ್ಟು ದೂರಕ್ಕೆ ಒಯ್ದಂತೆ.

ಒಂದು ನಟ್ಟಿನ ಬೆಲೆ

2018ರ ಆರಂಭದಲ್ಲಿ ಅಮೆರಿಕದ ಸೇನೆ ಹೊಸ ಇ ಮಾದರಿಗಳನ್ನು ಪಡೆಯುವುದನ್ನೇ ನಿಲ್ಲಿಸಿತು. ರಾಡಾರ್ ಕೆಟ್ಟಿರಲಿಲ್ಲ, ಸಾಫ್ಟ್‌ವೇರ್ ಕೈಕೊಟ್ಟಿರಲಿಲ್ಲ. ಬ್ಲೇಡನ್ನು ರೋಟರಿನ ನಡುಭಾಗಕ್ಕೆ ಹಿಡಿದಿಡುವುದು ತೆಳು ಉಕ್ಕಿನ ಹಾಳೆಗಳನ್ನು ಒಂದರ ಮೇಲೊಂದು ಪೇರಿಸಿದ ಪಟ್ಟಿ. ಆ ಪಟ್ಟಿಯನ್ನು ಬಿಗಿಯುವ ನಟ್ಟುಗಳು ಕರಾವಳಿಯ ಉಪ್ಪುಗಾಳಿಗೆ ನಿರೀಕ್ಷೆಗಿಂತ ಬೇಗ ತುಕ್ಕು ಹಿಡಿಯುತ್ತಿದ್ದವು. ಆ ನಟ್ಟು ಬಿಟ್ಟರೆ ಬ್ಲೇಡು ಹಾರಿಹೋಗುತ್ತದೆ, ಆಮೇಲೆ ಏನೂ ಉಳಿಯುವುದಿಲ್ಲ. ನಟ್ಟಿನ ವಿನ್ಯಾಸ ಬದಲಾದ ಮೇಲೆ ಅದೇ ವರ್ಷ ಹಸ್ತಾಂತರ ಮತ್ತೆ ಶುರುವಾಯಿತು. ಹೆಲಿಕಾಪ್ಟರಿನಲ್ಲಿ ಕೆಲವು ಭಾಗಗಳಿಗೆ ಬದಲಿ ವ್ಯವಸ್ಥೆಯೇ ಇರುವುದಿಲ್ಲ, ಮತ್ತು ಅವು ಹೆಚ್ಚಾಗಿ ಅಗ್ಗದ, ಯಾರೂ ಫೋಟೊ ತೆಗೆಯದ ಭಾಗಗಳು.

ಹಳೆಯದನ್ನು ಹೊಸದಾಗಿಸುವುದು ಎಂದರೆ ಗ್ಯಾರೇಜಿನಲ್ಲಿ ರಿಪೇರಿ ಮಾಡಿದಂತೆ ಎಂದೂ ಭಾವಿಸಬಾರದು. ಡಿ ಮಾದರಿ ಅರಿಜೋನಾದ ಮೆಸಾ ಕಾರ್ಖಾನೆಗೆ ಹೋದಾಗ ಅದನ್ನು ಪೂರ್ತಿ ಬಿಚ್ಚಿ, ಮತ್ತೆ ಬಳಸಬಹುದಾದ ಭಾಗಗಳನ್ನು ಆರಿಸಿ, ಹೊಸ ಒಡಲಿಗೆ ಕೂರಿಸುತ್ತಾರೆ. ಅಂಥ ಒಡಲುಗಳು ತಯಾರಾಗುವ ಜಾಗಗಳಲ್ಲಿ ಹೈದರಾಬಾದಿನ ಟಾಟಾ ಬೋಯಿಂಗ್ ಕಾರ್ಖಾನೆಯೂ ಒಂದು. 2018ರಿಂದ ಅಲ್ಲಿಂದ ಒಡಲುಗಳು ಹೋಗುತ್ತಿವೆ. ಬ್ರಿಟನ್ ತನ್ನ 50 ಅಪಾಚೆಗಳನ್ನು ಹೀಗೆಯೇ ಇ ಆಗಿಸಿಕೊಂಡಿತು, ತನ್ನ ಆ ಬಲಶಾಲಿ ಎಂಜಿನ್ನನ್ನು ಬಿಟ್ಟುಕೊಟ್ಟು. ಎಲ್ಲರೂ ಬಳಸುವ ಎಂಜಿನ್ ಇದ್ದರೆ ಬಿಡಿಭಾಗ, ಸುಧಾರಣೆ ಎರಡೂ ಅಗ್ಗ ಎಂಬ ಲೆಕ್ಕ ಗೆದ್ದಿತು.

ಇಷ್ಟೆಲ್ಲ ಬೇಕೇ?

ಉಕ್ರೇನ್ ಯುದ್ಧದಲ್ಲಿ ರಷ್ಯಾದ ಕೆಎ–52 ದಾಳಿ ಹೆಲಿಕಾಪ್ಟರುಗಳು ಹೆಗಲ ಮೇಲಿಂದ ಹಾರಿಸುವ ಕ್ಷಿಪಣಿಗಳಿಗೆ ಸಾಲಾಗಿ ಬಿದ್ದಾಗ, ದಾಳಿ ಹೆಲಿಕಾಪ್ಟರಿನ ಕಾಲ ಮುಗಿಯಿತು ಎಂದವರು ಬಹಳ. 2023ರ ಬೇಸಿಗೆಯಲ್ಲಿ ಅವೇ ಕೆಎ–52ಗಳು ದೂರ ನಿಂತು ಉಕ್ರೇನಿನ ಕವಚವಾಹನಗಳನ್ನು ಹೊಡೆದಾಗ ಆ ಮಾತು ತಣ್ಣಗಾಯಿತು. ಸರಕಾರಗಳ ನಡುವೆಯೂ ಒಮ್ಮತವಿಲ್ಲ. ಜಪಾನ್ 2022ರಲ್ಲಿ ತನ್ನ ದಾಳಿ ಹೆಲಿಕಾಪ್ಟರ್‌ಗಳನ್ನು ಬಿಟ್ಟು ಡ್ರೋನುಗಳತ್ತ ತಿರುಗುವುದಾಗಿ ತೀರ್ಮಾನಿಸಿತು. ದಕ್ಷಿಣ ಕೊರಿಯಾ ಹೆಚ್ಚುವರಿ 36 ಅಪಾಚೆಗಳ ಯೋಜನೆಯನ್ನು 2025ರಲ್ಲಿ ಕೈಬಿಟ್ಟಿತು. ಪೋಲೆಂಡ್ ಮಾತ್ರ 2024ರಲ್ಲಿ ಒಂದೇ ಏಟಿಗೆ 96 ಇ ಮಾದರಿಗಳಿಗೆ ಸಹಿ ಹಾಕಿತು. ರಷ್ಯಾ ಎಷ್ಟು ಹತ್ತಿರದಲ್ಲಿದೆ ಎಂಬುದರ ಮೇಲೆ ಅಭಿಪ್ರಾಯ ನಿಂತಿರುವಂತಿದೆ.

ಇದರಿಂದ ನವೀಕರಣದ ದಿಕ್ಕು ಬದಲಾಗಿದೆ. ಕವಚ ದಪ್ಪ ಮಾಡುವುದಕ್ಕಿಂತ ದೂರದಿಂದ ಹೊಡೆಯುವುದು ಮುಖ್ಯವಾಗಿದೆ. ಎಂಟು ಕಿಲೋಮೀಟರಿನ ಹೆಲ್‌ಫೈರ್ ಸಾಲದೆ, ಇಸ್ರೇಲಿನ ಇನ್ನೂ ದೂರ ಹೋಗುವ ಸ್ಪೈಕ್ ಕ್ಷಿಪಣಿಗಳನ್ನು ಅಪಾಚೆಗೆ ಅಳವಡಿಸಲಾಗಿದೆ. ದೂರದ ಕ್ಷಿಪಣಿ ದೊಡ್ಡದು, ಭಾರದ್ದು. ಮತ್ತೆ ಎಂಜಿನ್ನಿನ ಮಾತು ಬರುತ್ತದೆ. 3,000 ಅಶ್ವಶಕ್ತಿ ವರ್ಗದ ಟಿ901 ಎಂಜಿನ್ನಿನ ಗುತ್ತಿಗೆಯನ್ನು ಜನರಲ್ ಎಲೆಕ್ಟ್ರಿಕ್ ಕಂಪನಿ 2019ರಲ್ಲೇ ಗೆದ್ದುಕೊಂಡಿದೆ. ಅದು ಬಂದರೆ ಬಲ ಅರ್ಧದಷ್ಟು ಹೆಚ್ಚು, ಇಂಧನ ಕಾಲುಭಾಗ ಉಳಿತಾಯ ಎಂಬುದು ಗುರಿ. ಗೇರ್‌ಬಾಕ್ಸ್‌ನ ಪಾಠ ಓದಿದವರಿಗೆ ಮುಂದಿನ ಪ್ರಶ್ನೆ ಏನೆಂದು ಬಿಡಿಸಿ ಹೇಳಬೇಕಿಲ್ಲ.

ಇದೇ ಕೋಲಿನಿಂದ ಬೆಂಗಳೂರಿನ ಪ್ರಚಂಡವನ್ನು ಅಳೆದರೆ ಕುತೂಹಲದ ಚಿತ್ರ ಸಿಗುತ್ತದೆ. ಕಾರ್ಗಿಲ್ ಎತ್ತರಕ್ಕೆ ನಮ್ಮ ರಷ್ಯಾ ಮೂಲದ ಎಂಐ–35 ದಾಳಿ ಹೆಲಿಕಾಪ್ಟರುಗಳು ಏರಲಾಗದ 1999ರ ಕೊರತೆಯಿಂದ ಹುಟ್ಟಿದ ಎಚ್‌ಎಎಲ್‌ನ ಈ ಹೆಲಿಕಾಪ್ಟರ್ ಅಪಾಚೆಯ ತದ್ವಿರುದ್ಧ ದಾರಿಯಲ್ಲಿ ಬಂತು. ಗರಿಷ್ಠ ತೂಕ 5.8 ಟನ್ ಮಾತ್ರ. ಅಪಾಚೆ ಇ ಹತ್ತು ಟನ್ನು ದಾಟುತ್ತದೆ. 2010ರಲ್ಲಿ ಹಾರಿದ ಮೊದಲ ಮಾದರಿ ನಿರೀಕ್ಷೆಗಿಂತ ಭಾರವಾಗಿತ್ತು, ಮುಂದಿನ ಮಾದರಿಗಳಲ್ಲಿ ಅದನ್ನು ಕೆರೆದು ಕೆರೆದು ಇಳಿಸಿದರು. ಫ್ರಾನ್ಸಿನವರ ಜೊತೆ ಸೇರಿ ರೂಪಿಸಿದ ಶಕ್ತಿ ಎಂಜಿನ್ ಎತ್ತರಕ್ಕೆಂದೇ ಆದದ್ದು. ಪರೀಕ್ಷೆಯ ವೇಳೆ ಪ್ರಚಂಡ ಸಿಯಾಚಿನ್‌ನಲ್ಲಿ 4,700 ಮೀಟರ್ ಎತ್ತರದ ಹೆಲಿಪ್ಯಾಡಿನಲ್ಲಿ ಇಳಿದು ತೋರಿಸಿತು.

ಮೊದಲ 15 ಪ್ರಚಂಡಗಳು ಸೇನೆಗಳನ್ನು ಸೇರುವಾಗ ಅವುಗಳಲ್ಲಿ ಟ್ಯಾಂಕ್ ಧ್ವಂಸಕ ಕ್ಷಿಪಣಿ ಇರಲಿಲ್ಲ. 20 ಮಿಲಿಮೀಟರ್ ಫಿರಂಗಿ, ರಾಕೆಟ್, ಆಕಾಶದ ಗುರಿಗೆ ಮಿಸ್ಟ್ರಾಲ್ ಕ್ಷಿಪಣಿ ಇಷ್ಟೇ. 2025ರ ಮಾರ್ಚ್ 28ರಂದು 62,700 ಕೋಟಿ ರೂಪಾಯಿಗೆ ಇನ್ನೂ 156ಕ್ಕೆ ಒಪ್ಪಂದವಾಯಿತು, ವಾಯುಪಡೆಗೆ 66, ಭೂಸೇನೆಗೆ 90. ಬೆಂಗಳೂರಿನಲ್ಲೂ ತುಮಕೂರು ಜಿಲ್ಲೆಯ ಗುಬ್ಬಿ ತಾಲ್ಲೂಕಿನ ಹೊಸ ಕಾರ್ಖಾನೆಯಲ್ಲೂ ಅವು ತಯಾರಾಗಲಿವೆ, ಪೂರೈಕೆ ಶುರುವಾಗುವುದು ಮೂರನೇ ವರ್ಷದಿಂದ. ಅಷ್ಟರಲ್ಲಿ ಕ್ಷಿಪಣಿ, ಎಚ್ಚರಿಕೆ ಯಂತ್ರ, ಡೇಟಾಲಿಂಕ್ ಎಂದು ಬೇಡಿಕೆಗಳ ಪಟ್ಟಿ ಬೆಳೆಯದೆ ಇರದು. ಹತ್ತು ಟನ್ನಿನ ಯಂತ್ರದಲ್ಲಿ ನೂರು ಕಿಲೊ ಹೇಗೋ ಅಡಗೀತು. ಸಿಯಾಚಿನ್‌ಗೆ ಏರಬೇಕಾದ 5.8 ಟನ್ನಿನ ಯಂತ್ರದಲ್ಲಿ ಒಂದೊಂದು ಕಿಲೊಗೂ ಲೆಕ್ಕ ಕೊಡಬೇಕಾಗುತ್ತದೆ.